ಸದ್ದಿಲ್ಲದ ಗರಗಸ

ಬುಡ್ಡೇಸಾಬನಿಗೆ ಲೋಕದ ಬಹುಪಾಲು ಜನರ ಬಗ್ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸುತ್ತಿನ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ಮರ ಕಡಿದವನು ಅವನು. ಮೊದಲು ಕೊಡಲಿ, ಆಮೇಲೆ ಇಬ್ಬರು ಎಳೆಯುವ ಗರಗಸ, ಕೊನೆಯ ಹದಿನೈದು ವರ್ಷ ಪೆಟ್ರೋಲ್ ಮಶೀನು. ಮರದ ಕೆಳಗೆ ನಿಂತು ಒಮ್ಮೆ ಕತ್ತೆತ್ತಿ ನೋಡಿದರೆ ಸಾಕು, ಅದು ಯಾವ ಕಡೆ ಬೀಳುತ್ತದೆಂದು ಹೇಳುತ್ತಿದ್ದ. ಹೇಳಿದ ಕಡೆಗೇ ಅದು ಬೀಳುತ್ತಿತ್ತು. ಈ ವಿದ್ಯೆ ಬಾರದವರೆಲ್ಲ ಅವನ ಕಣ್ಣಿಗೆ ಅರ್ಧ ಮನುಷ್ಯರು. ಅದರಲ್ಲೂ ಕುರ್ಚಿಯ ಮೇಲೆ ಕುಳಿತು ಪಗಾರ ತೆಗೆದುಕೊಳ್ಳುವವರು ಅರ್ಧಕ್ಕಿಂತಲೂ ಕಡಿಮೆ. ದುರದೃಷ್ಟಕ್ಕೆ ಅವನ ಒಬ್ಬಳೇ ಮಗಳು ಫರ್ಹಾನಾಳನ್ನು ಗದಗಿನ ಒಂದು ಶಾಲೆಯ ಮಾಸ್ತರನಿಗೆ ಕೊಟ್ಟಿದ್ದರು. ಸಂಬಂಧ ನೋಡಿದ್ದು ಹೆಂಡತಿ ಗುಲಾಬಬಿ. ಮದುವೆಯಾಗಿ ಎಂಟು ವರ್ಷವಾದರೂ ಬುಡ್ಡೇಸಾಬ ಅವಳ ಆ ತಪ್ಪನ್ನು ಕ್ಷಮಿಸಿರಲಿಲ್ಲ.

ಅಳಿಯನ ಹೆಸರು ಅತಾವುಲ್ಲಾ. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಗದಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಮನೆಯ ಸುತ್ತ ಸಣ್ಣ ಕೈತೋಟ ಮಾಡಿಕೊಂಡಿದ್ದ. ಆ ಗಿಡಗಳನ್ನು ಸವರಲೆಂದು ಬ್ಯಾಟರಿಯಿಂದ ನಡೆಯುವ ಒಂದು ಚೈನಿನ ಗರಗಸ ತಂದಿದ್ದಾನೆ ಎಂಬ ಖಬರು ಫರ್ಹಾನಾಳ ಫೋನಿನಲ್ಲಿ ಶಿರಹಟ್ಟಿಗೆ ಬಂದಾಗ ಬುಡ್ಡೇಸಾಬ ಬಿದ್ದು ಬಿದ್ದು ನಕ್ಕ.

ಗುಲಾಬಬಿ ನಗಲಿಲ್ಲ. ಅವಳಿಗೆ ಬೇರೆ ಲೆಕ್ಕವಿತ್ತು. ಅವರ ಮನೆಯ ಹಿತ್ತಲಲ್ಲಿ ಒಂದು ಬೇವಿನ ಮರವಿತ್ತು. ಅದರ ದಪ್ಪನೆಯ ಟೊಂಗೆಯೊಂದು ಬಚ್ಚಲಮನೆಯ ತಗಡಿನ ಮೇಲೆ ಒರಗಿ ಎರಡು ವರ್ಷವಾಗಿತ್ತು. ಗಾಳಿ ಎದ್ದಾಗಲೆಲ್ಲ ತಗಡನ್ನು ಕೆರೆಯುತ್ತಿತ್ತು. "ಇದೊಂದು ಟೊಂಗಿ ಇಳಿಸ್ರಿ" ಎಂದು ಅವಳು ಹೇಳಿ ಹೇಳಿ ಬೇಸತ್ತಿದ್ದಳು. "ಇಷ್ಟಕ್ಕ ನನ್ನ ಮಶೀನ್ ಹೊರಗ ತಗೀಲೇನು?" ಎಂಬುದು ಅವನ ಉತ್ತರ. ಹೆದ್ದಾರಿಯ ಪಕ್ಕದ ಮರಗಳನ್ನು ಮಲಗಿಸಿದ ಮನುಷ್ಯನಿಗೆ ಬಚ್ಚಲಮನೆಯ ಕೆಲಸ ಕಣ್ಣಿಗೇ ಬೀಳುತ್ತಿರಲಿಲ್ಲ. ಕೊನೆಗೆ ಗುಲಾಬಬಿ ಗಂಡನಿಗೆ ಹೇಳದೆ ಅಳಿಯನನ್ನು ಕರೆದಳು.

ಅತಾವುಲ್ಲಾ ಮುಂದಿನ ಭಾನುವಾರ ಬೆಳಗಿನ ಬಸ್ಸಿಗೇ ಬಂದ. ಜೊತೆಗೆ ಫರ್ಹಾನಾ ಇರಲಿಲ್ಲ, ಒಂದು ದೊಡ್ಡ ಚೀಲವಿತ್ತು. ಹಿತ್ತಲ ಕಟ್ಟೆಯ ಮೇಲೆ ಹಳೆಯ ಚಾದರ ಹಾಸಿ, ಚೀಲದಿಂದ ಒಂದೊಂದೇ ಸಾಮಾನು ತೆಗೆದಿಟ್ಟ. ಮೊಳದುದ್ದದ ಗರಗಸ, ಎರಡು ಬ್ಯಾಟರಿ, ಎಣ್ಣೆಯ ಬಾಟಲಿ, ದಪ್ಪ ಕೈಗವಸು, ಕಣ್ಣಿಗೆ ಕಟ್ಟುವ ಕನ್ನಡಕ, ಹಳದಿ ಹೆಲ್ಮೆಟ್ಟು. ಕಾಲಿಗೆ ಮುಂಗಾಲು ಗಟ್ಟಿಯಿರುವ ಬೂಟು ಹಾಕಿಕೊಂಡೇ ಬಂದಿದ್ದ.

ಪಕ್ಕದ ಮನೆಯ ಪುಂಡಲೀಕಪ್ಪ ಗೋಡೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ. ಅವನು ಬಸ್ಸಿನ ಕಂಡಕ್ಟರನಾಗಿ ರಿಟೈರಾದವನು. ಮನೆಯಲ್ಲಿ ಮಾಡಲು ಕೆಲಸವಿಲ್ಲದ್ದರಿಂದ ನೆರೆಮನೆಯ ಕೆಲಸಗಳನ್ನು ನೋಡುವುದನ್ನೇ ಕೆಲಸ ಮಾಡಿಕೊಂಡಿದ್ದ.

"ಏನ್ರಿ ಮಾಸ್ತರ, ಗಿಡಾ ಕಡ್ಯಾಕ ಬಂದೀರೋ, ಬಾಂಬ್ ತಗ್ಯಾಕ ಬಂದೀರೋ?" ಎಂದು ಕೇಳಿದ ಬುಡ್ಡೇಸಾಬ. ಪುಂಡಲೀಕಪ್ಪ ಹೋ ಎಂದು ನಕ್ಕ.

"ಕಣ್ಣಾಗ ಪುಡಿ ಸಿಡೀತೈತ್ರಿ ಮಾಮಾ" ಎಂದ ಅತಾವುಲ್ಲಾ.

"ಮೂವತ್ತೈದ ವರ್ಷ ನನ್ನ ಕಣ್ಣಾಗ ಏನ್ ಸಿಡದೈತಿ? ನೋಡ್ರಿ, ಎರಡೂ ಹಂಗ ಅದಾವ."

ಅತಾವುಲ್ಲಾ ಬ್ಯಾಟರಿ ಹಾಕುವ ಮೊದಲು ಕೈಗವಸು ತೊಟ್ಟು ಚೈನನ್ನು ಎಳೆದು ನೋಡಿದ, ಸಡಿಲಿದ್ದುದನ್ನು ಬಿಗಿ ಮಾಡಿದ, ಎಣ್ಣೆ ತುಂಬಿದ. ಕೋಳಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿಸಿದ. ಅತ್ತೆಯನ್ನು ಅಡುಗೆಮನೆಯ ಬಾಗಿಲವರೆಗೆ ಹಿಂದೆ ಸರಿಸಿದ. ಆಮೇಲೆ ಬ್ಯಾಟರಿ ಹಾಕಿ ಪೇರಲ ಗಿಡದ ಒಣಗಿದ ಕೊಂಬೆಗೆ ಕೈಹಚ್ಚಿದ. ಮೊದಲು ಕೆಳಗಿನಿಂದ ಒಂದು ಸಣ್ಣ ಗಾಯ, ಆಮೇಲೆ ಮೇಲಿನಿಂದ ಪೂರಾ. ಸಿಪ್ಪೆ ಹರಿಯದೆ ಕೊಂಬೆ ಉದುರಿತು. ಅದನ್ನು ಪಕ್ಕಕ್ಕೆ ಎಳೆಯುವ ಮೊದಲು ಬ್ಯಾಟರಿಯನ್ನು ಕಳಚಿ ಕಟ್ಟೆಯ ಮೇಲಿಟ್ಟ. ಮತ್ತೆ ಹಾಕಿದ, ಮತ್ತೊಂದು ಕೊಂಬೆ ಕತ್ತರಿಸಿದ, ಮತ್ತೆ ಕಳಚಿದ.

"ಹೆಜ್ಜಿಗೊಮ್ಮೆ ಅದರ ಹೊಟ್ಟಿ ಬಗದ ನೋಡ್ತೀರಲ್ರಿ, ಒಳಗೇನ್ ಕೂಸು ಐತೇನು?" ಬುಡ್ಡೇಸಾಬ ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದುಕೊಂಡು ಕುಳಿತ. ಬಹಳ ದಿನಗಳ ಮೇಲೆ ಅವನಿಗೆ ಇಷ್ಟು ಖುಷಿಯಾಗಿತ್ತು.

ಪೇರಲ, ನುಗ್ಗೆ ಮುಗಿದು ಬೇವಿನ ಸರದಿ ಬರುವಾಗ ಹನ್ನೊಂದು ಗಂಟೆ. ಅತಾವುಲ್ಲಾ ಮರವನ್ನು ಸುತ್ತು ಹಾಕಿ ನೋಡಿದ. ನಿಚ್ಚಣಿಕೆಯನ್ನು ಮುಟ್ಟಿ ನೋಡಿ ಬಿಟ್ಟುಬಿಟ್ಟ. ಆಮೇಲೆ ಹೆಲ್ಮೆಟ್ಟು ತೆಗೆದು, "ಇದು ನನ್ನಿಂದ ಆಗಂಗಿಲ್ರಿ" ಎಂದ.

"ಯಾಕ?"

"ಟೊಂಗಿ ನನ್ನ ಭುಜಕ್ಕಿಂತ ಭಾಳ ಮ್ಯಾಲ ಐತ್ರಿ. ನಿಚ್ಚಣಿಕಿ ಮ್ಯಾಲ ನಿಂತು ಈ ಮಶೀನ್ ಹಿಡೀಬಾರದು. ಚೈನ್ ಓಡೋ ಈ ಪಟ್ಟಿ ತುದಿ ಎಲ್ಲೆರ ಬಡೀತಂದ್ರ ಮಾರಿ ಕಡೆ ಜಿಗಿತೈತಿ. ಹಗ್ಗ ಕಟಗೊಂಡು ಏರೋ ಮಂದಿ ಬೇಕ್ರಿ ಇದಕ್ಕ."

ಪುಂಡಲೀಕಪ್ಪ ತೊಡೆ ತಟ್ಟಿಕೊಂಡ. "ಬುಡ್ಡಣ್ಣ, ನಿನ್ನ ಅಳಿಯಾ ಗದಗಿಂದ ಇಷ್ಟ ದೂರ ಬಂದಿದ್ದು ಪ್ಯಾರಲ ಗಿಡದ ಒಣಾ ಪುಳ್ಳಿ ಆರಸಾಕ ನೋಡಪಾ!"

ಅಷ್ಟು ಸಾಕಾಯಿತು. ಬುಡ್ಡೇಸಾಬ ಎದ್ದು ಲುಂಗಿಯನ್ನು ಮೇಲೆ ಕಟ್ಟಿದ, ಅಳಿಯನ ಕೈಯಿಂದ ಗರಗಸ ತೆಗೆದುಕೊಂಡ. ಕೈಯಲ್ಲಿ ಹಿಡಿದು ತೂಗಿ ನೋಡಿದ. ಅವನ ಪೆಟ್ರೋಲ್ ಮಶೀನಿನ ಅರ್ಧವೂ ಇರಲಿಲ್ಲ. "ಹೆಣಮಕ್ಕಳು ಕಾಯಿಪಲ್ಯಾ ಹೆಚ್ಚಾಕ ಚಲೋ ಐತಿ" ಎಂದು ಹವಾಯಿ ಚಪ್ಪಲಿಯಲ್ಲೇ ನಿಚ್ಚಣಿಕೆ ಏರಿದ.

ಆ ಗರಗಸಕ್ಕೆ ಎರಡು ಗುಂಡಿಗಳಿದ್ದವು. ಒಂದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ತೋರುಬೆರಳಿನ ಗುಂಡಿ ಕೆಲಸ ಮಾಡಿ ಚೈನು ತಿರುಗುತ್ತಿತ್ತು. ಬುಡ್ಡೇಸಾಬನ ದಪ್ಪ ಹೆಬ್ಬೆರಳಿಗೆ ಆ ಸಣ್ಣ ಗುಂಡಿ ಸಿಗುತ್ತಲೇ ಇರಲಿಲ್ಲ. ಎರಡು ಸಲ ಚೈನು ನಡುವೆಯೇ ನಿಂತಿತು. ಗೋಡೆಯ ಮೇಲಿನಿಂದ ಮತ್ತೆ ನಗೆ ಕೇಳಿಸಿತು. ಅವನು ಕೆಳಗಿಳಿದು, ಬಚ್ಚಲಮನೆಯ ಹಿಂದೆ ಬಿದ್ದಿದ್ದ ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ, ಹೆಬ್ಬೆರಳಿನ ಗುಂಡಿಯನ್ನು ಸದಾ ಒತ್ತಿದಂತೆ ಬಿಗಿಯಾಗಿ ಕಟ್ಟಿಬಿಟ್ಟ.

"ಮಾಮಾ, ಅದನ್ನ ಕಟ್ಟಬ್ಯಾಡ್ರಿ" ಎಂದ ಅತಾವುಲ್ಲಾ. "ಎರಡೂ ಒತ್ತಿದ್ರನ ಚಾಲೂ ಆಗ್ಲಿ ಅಂತ ಇಟ್ಟಾರ. ಅದನ್ನ ಕಟ್ಟಿದ್ರ ಒಂದೀಟ ತಾಗಿದ್ರೂ ತಿರುಗತೈತಿ."

"ಅದು ಮಾಸ್ತರಗೋಳಿಗಂತ ಇಟ್ಟಿದ್ದು. ಕೆಲಸಾ ಬರೋರಿಗೆ ಬೇಕಾಗಿಲ್ಲ."

"ಮಶೀನ್ ಈ ಕಡೆ ಕೊಡ್ರಿ ಮಾಮಾ."

"ಸರೀರಿ ಅತ್ಲಾಗ."

ಅತಾವುಲ್ಲಾ ಸರಿದ. ಮಾವ, ಹಿರಿಯ, ಅವರದೇ ಮನೆ, ನೆರೆಯವನು ನೋಡುತ್ತಿದ್ದಾನೆ. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಳ್ಳುವುದನ್ನೇ ಅವನು ಮರ್ಯಾದೆ ಎಂದು ತಿಳಿದಿದ್ದ.

ನಿಜ ಹೇಳಬೇಕೆಂದರೆ ಬುಡ್ಡೇಸಾಬನ ಕೈಚಳಕ ನೋಡುವಂಥದ್ದು. ಒಂದು ಕೈಯಲ್ಲಿ ಮರ, ಇನ್ನೊಂದು ಕೈಯಲ್ಲಿ ಗರಗಸ. ಅರ್ಧ ಗಂಟೆಯಲ್ಲಿ ಅಕ್ಕಪಕ್ಕದ ಐದಾರು ಸಣ್ಣ ಟೊಂಗೆಗಳನ್ನು ತಗಡಿಗೂ ತಾಗದಂತೆ ಕೆಳಗಿಳಿಸಿದ. ದಪ್ಪ ಟೊಂಗೆಗೆ ಬರುವಷ್ಟರಲ್ಲಿ ಚೈನು ಸಡಿಲಾಗಿ ಪಟ್ಟಿಯಿಂದ ಜೋತುಬಿತ್ತು. "ಇದ ಇವರ ಮಶೀನು" ಎಂದು ಕ್ಯಾಕರಿಸಿ ಉಗುಳಿ ಕೆಳಗಿಳಿದ. ಆ ಹೊತ್ತಿಗೆ ಮಧ್ಯಾಹ್ನದ ನಮಾಜಿಗೆ ಬಾಂಗು ಕೂಗಿತು. ಅತಾವುಲ್ಲಾ ಕೈಕಾಲು ತೊಳೆದು ಮಸೀದಿಗೆ ಹೊರಡುತ್ತ, "ನಾ ಬಂದು ಬಿಗಿ ಮಾಡ್ತೀನ್ರಿ. ಅಲ್ಲೀತನಕ ಬ್ಯಾಟರಿ ತಗದಿಡ್ರಿ" ಎಂದ. ಬುಡ್ಡೇಸಾಬ ನೊಣ ಓಡಿಸುವವನಂತೆ ಕೈ ಬೀಸಿದ.

ಅಳಿಯ ಬಂದು ಬಿಗಿ ಮಾಡುವವರೆಗೆ ಕಾಯುವುದೇ? ಅವನು ಕಟ್ಟೆಯ ಮೇಲೆ ಕುಳಿತು ಗರಗಸವನ್ನು ತೊಡೆಯ ಮೇಲಿಟ್ಟುಕೊಂಡ. ಪೆಟ್ರೋಲ್ ಮಶೀನು ಜೀವ ಇದ್ದಾಗ ಗುರುಗುಡುತ್ತದೆ, ನಡುಗುತ್ತದೆ, ಹೊಗೆ ಬಿಡುತ್ತದೆ. ಒಮ್ಮೆ ಆರಿಸಿದರೆ ಹಗ್ಗ ಹಿಡಿದು ನಾಲ್ಕು ಸಲ ಜಗ್ಗಿದರೂ ಏಳುವುದು ಕಷ್ಟ. ಸದ್ದು ಕೇಳಿದರೆ ದೂರ ಇರು, ಕೇಳದಿದ್ದರೆ ಮುಟ್ಟು ಎಂಬುದನ್ನು ಅವನ ಕೈಗಳು ಹದಿನೈದು ವರ್ಷದಲ್ಲಿ ಕಲಿತಿದ್ದವು. ತೊಡೆಯ ಮೇಲಿದ್ದ ಈ ವಸ್ತು ಇಟ್ಟಿಗೆಯಂತೆ ತಣ್ಣಗೆ, ಸುಮ್ಮನೆ ಬಿದ್ದಿತ್ತು. ಬ್ಯಾಟರಿ ಒಳಗೇ ಇತ್ತು. ಒಂದು ಗುಂಡಿ ಅವನೇ ಕಟ್ಟಿದ ರಬ್ಬರಿನಲ್ಲಿ ಒತ್ತಿಕೊಂಡಿತ್ತು. ಅವನು ಸ್ಕ್ರೂ ತಿರುಗಿಸಿ, ಎಡ ಅಂಗೈಯಿಂದ ಚೈನನ್ನು ಹಿಡಿದು ಪಟ್ಟಿಯ ಮೇಲೆ ಎಳೆದ. ಹಿಡಿಕೆ ಲುಂಗಿಯ ಗಂಟಿನ ಮೇಲೆ ಜಾರಿತು. ಇನ್ನೊಂದು ಗುಂಡಿ ಆ ಗಂಟಿಗೇ ಒತ್ತಿಕೊಂಡಿತು.

ಚೈನು ತಿರುಗಿದ್ದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಗರಗಸವನ್ನು ಅವನು ದೂಡಿದ ಕೂಡಲೇ ಅದು ನಿಂತು ಮತ್ತೆ ಇಟ್ಟಿಗೆಯಾಯಿತು.

"ಗುಲಾಬಿ, ಅರಿವಿ ತಗೊಂಬಾ" ಎಂದು ಬುಡ್ಡೇಸಾಬ ಮೆಲ್ಲಗೆ ಕರೆದ. ಅವಳು ಬಂದು ನೋಡುವಾಗ ಎಡಗೈಯಿಂದ ರಕ್ತ ಮೊಣಕೈವರೆಗೆ ಇಳಿದು ಕಟ್ಟೆಯ ಮೇಲೆ ಹನಿಯುತ್ತಿತ್ತು. ಗೋಡೆಯ ಮೇಲಿದ್ದ ಪುಂಡಲೀಕಪ್ಪ "ಫೋನ್ ತರ್ತೇನಿ" ಎಂದು ಇಳಿದು ಒಳಗೆ ಹೋದ. ಆ ಫೋನು ಹುಡುಕುವುದು ಅವನಿಗೆ ಆ ದಿನ ಮುಗಿಯಲೇ ಇಲ್ಲ.

ಮಸೀದಿಯಿಂದ ಹಿಂದಿರುಗುತ್ತಿದ್ದ ಅತಾವುಲ್ಲಾ ಗುಲಾಬಬಿಯ ಕೂಗು ಕೇಳಿ ಓಡಿ ಬಂದವನು ಮೊದಲು ಮಾಡಿದ ಕೆಲಸ, ಗರಗಸದ ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡದ್ದು.

"ನನ್ನ ಕೈ ಹರದೈತಿ, ಈಂವ ಮಶೀನ್ ನೋಡಾಕತ್ತಾನ" ಎಂದು ಬುಡ್ಡೇಸಾಬ ಅಂಥ ನೋವಿನಲ್ಲೂ ಹಲ್ಲು ಕಡಿದ.

ಅತಾವುಲ್ಲಾ ಸ್ವಚ್ಛ ಟವೆಲನ್ನು ಗಾಯದ ಮೇಲಿಟ್ಟು ಒತ್ತಿ ಹಿಡಿದ, ಕೈಯನ್ನು ಎದೆಗಿಂತ ಮೇಲೆ ಎತ್ತಿಸಿದ. ಗುಲಾಬಬಿ ಬೀದಿಯ ತುದಿಯಿಂದ ಆಟೋ ತಂದಳು. ಊರಿನ ದವಾಖಾನೆಯಲ್ಲಿ ಪಟ್ಟಿ ಕಟ್ಟಿ ಗದಗಿಗೆ ಕಳಿಸಿದರು. ಗದಗಿನಲ್ಲಿ ಅಂಗೈ ಬಿಡಿಸಿ ನೋಡಿದ ಡಾಕ್ಟರು, ಎರಡು ಬೆರಳುಗಳನ್ನು ಮಡಚುವ ಸ್ನಾಯುರಜ್ಜುಗಳು ಕತ್ತರಿಸಿಹೋಗಿವೆ ಎಂದರು. ಜೋಡಿಸಿ ಹೊಲಿಗೆ ಹಾಕಲು ಎರಡು ಗಂಟೆ ಹಿಡಿಯಿತು.

ಪಟ್ಟಿ ಬದಲಿಸಲು ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಬೇಕಾದ್ದರಿಂದ ಬುಡ್ಡೇಸಾಬ, ಗುಲಾಬಬಿ ಇಬ್ಬರೂ ಅಳಿಯನ ಮನೆಯಲ್ಲೇ ಉಳಿದರು. ನೋಡಲು ಬೆಟಗೇರಿಯಿಂದ, ಲಕ್ಷ್ಮೇಶ್ವರದಿಂದ ಬೀಗರು ಬಂದರು. ಬುಡ್ಡೇಸಾಬ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ, ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗಿಬಿಟ್ಟು ಎಲ್ಲರಿಗೂ ಸಂಗತಿ ಹೇಳಿದ.

"ನಂದೇನೂ ತಪ್ಪಿಲ್ಲ. ಸುಮ್ನ ತೊಡಿ ಮ್ಯಾಲ ಇಟಗೊಂಡಿದ್ದೆ. ಮಶೀನ್ ಸರಿ ಇಲ್ಲ, ತಾನ ಚಾಲೂ ಆತು."

ಮೊದಲ ದಿನ ಅದು ತಾನೇ ಚಾಲೂ ಆಗಿತ್ತು. ಮರುದಿನ ಬಂದವರಿಗೆ, ಅದು ಚಾಲೂ ಆಗಿ ತೊಡೆಯಿಂದ ಜಿಗಿದಿತ್ತು. ನಾಲ್ಕನೆಯ ದಿನಕ್ಕೆ ಕಟ್ಟೆಯ ಮೇಲೆ ದೂರ ಇಟ್ಟಿದ್ದ ಮಶೀನು ಹಾರಿ ಬಂದು ಅವನ ಕೈ ಹಿಡಿದಿತ್ತು. ಬಂದವರು ಚಹ ಕೊಡಲು ಬಂದ ಅತಾವುಲ್ಲಾನ ಮುಖ ನೋಡಿ, "ಇಂಥಾ ಸಾಮಾನು ಮನಿಗೆ ಯಾಕ ತಂದ್ರಿ ಮಾಸ್ತರ? ನಿಮಗರ ಇದರಾಗ ಏನ್ ತಿಳೀತೈತಿ?" ಎಂದು ಕೇಳಿದರು. ಅವನು ತಟ್ಟೆ ಹಿಡಿದು ನಿಂತೇ ಇರುತ್ತಿದ್ದ.

ಐದನೆಯ ದಿನ ಪುಂಡಲೀಕಪ್ಪ ಬಂದ. ಆರು ಬಾಳೆಹಣ್ಣು ತಂದಿದ್ದ, ಬಹಳ ಗಂಭೀರ ಮುಖ ಮಾಡಿಕೊಂಡಿದ್ದ. ಬುಡ್ಡೇಸಾಬ ಸಂಗತಿಯನ್ನು ಮೊದಲಿನಿಂದ ಶುರು ಮಾಡಿದ. ಕಣ್ಣಾರೆ ಎಲ್ಲವನ್ನೂ ಕಂಡಿದ್ದ ಪುಂಡಲೀಕಪ್ಪ ಪ್ರತಿ ಮಾತಿಗೂ "ಹೌದ್ಹೌದು, ಈಗಿನ ಮಾಲ ಹಂಗ" ಎಂದು ತಲೆಯಾಡಿಸುತ್ತಿದ್ದ.

ಫರ್ಹಾನಾ ಒಳಗಿನಿಂದ ಕೇಳುತ್ತಿದ್ದಳು. ಅವಳು ಎದ್ದು ಹೋಗಿ ಗರಗಸದ ಚೀಲ ತಂದಳು. ಅತಾವುಲ್ಲಾ ಆಮೇಲೆ ಶಿರಹಟ್ಟಿಯಿಂದ ತಂದಿಟ್ಟಿದ್ದ ಅದನ್ನು ಯಾರೂ ಬಿಚ್ಚಿರಲಿಲ್ಲ. ಗರಗಸವನ್ನು ತೆಗೆದು ಅಪ್ಪನ ಮುಂದಿನ ಸ್ಟೂಲಿನ ಮೇಲಿಟ್ಟಳು. ಚೈನಿನ ಹಲ್ಲುಗಳಲ್ಲಿ ರಕ್ತ ಕಪ್ಪಾಗಿ ಒಣಗಿತ್ತು. ಹಿಡಿಕೆಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದಂತೆಯೇ ಇತ್ತು.

"ಅಬ್ಬಾಜಾನ್, ಮಶೀನ್ ತಾನ ಚಾಲೂ ಆತು ಅಂದ್ರಿ. ಈ ರಬ್ಬರೂ ತಾನ ಕಟಗೊಂತೇನು?"

ಬುಡ್ಡೇಸಾಬ ಪುಂಡಲೀಕಪ್ಪನ ಕಡೆ ನೋಡಿದ.

"ಪುಂಡಲೀಕಪ್ಪ ಕಾಕಾ, ನೀವು ಗ್ವಾಡಿ ಮ್ಯಾಲ ಇದ್ರಂತ, ಅಮ್ಮಾ ಹೇಳ್ಯಾಳ. ನೀವರ ಹೇಳ್ರಿ. ಯಾರ್ ಕಟ್ಟಿದ್ದು?"

ಪುಂಡಲೀಕಪ್ಪ ಚಹದ ಕಪ್ಪಿನ ತಳವನ್ನು ಹುಷಾರಾಗಿ ಪರೀಕ್ಷಿಸಿದ. "ನಾ ಅಷ್ಟು ಲಕ್ಷ್ಯ ಕೊಟ್ಟ ನೋಡ್ಲಿಲ್ಲವಾ. ಬಿಸಲಾಗ ಕಣ್ಣ ಕಾಣಂಗಿಲ್ಲ ನನಗ."

"ಬಿಸಿಲಿತ್ತೇನ್ರಿ ಅಲ್ಲಿ? ಆ ಗ್ವಾಡಿ ಮ್ಯಾಲ ಬೇವಿನ ಗಿಡದ ನೆಳ್ಳ ಬೀಳತೈತಿ."

"ಈಗ ಹೆಂಗ ನೆನಪಿರತೈತಿ ತಂಗಿ… ನೆಳ್ಳರ ಇರಬೇಕು, ಬಿಸಲರ ಇರಬೇಕು…"

ಬುಡ್ಡೇಸಾಬ ನೆರೆಯವನ ಮುಖವನ್ನೇ ನೋಡುತ್ತಿದ್ದ. ಆ ಮುಖ ಬೆವರಿತ್ತು, ತುಟಿ ನಗಲು ಹೋಗಿ ಅರ್ಧಕ್ಕೆ ನಿಂತಿತ್ತು, ಕಣ್ಣುಗಳು ಬಾಗಿಲ ಕಡೆ ಓಡುತ್ತಿದ್ದವು.

"ಸಾಕ ಬಿಡೋ ಪುಂಡಲೀಕ. ನಿನ್ನ ಮಾರಿ ನೋಡಿದ್ರ ಅಸಹ್ಯ ಆಗತೈತಿ" ಎಂದ. ಆಮೇಲೆ ಮಗಳ ಕಡೆ ತಿರುಗಿ, "ನಾನೂ ನಾಕೈದ ದಿನದಿಂದ ಹಿಂಗ ಕಾಣಾಕತ್ತಿದ್ದೆನೇನು?" ಎಂದು ಕೇಳಿದ.

"ಹೌದು" ಎಂದಳು ಫರ್ಹಾನಾ.

"ನಾನ ಕಟ್ಟಿದ್ದು. ಕಟ್ಟಬ್ಯಾಡ್ರಿ ಅಂದ ಮಾಸ್ತರ. ಬ್ಯಾಟರಿ ತಗದಿಡ್ರಿ ಅಂತನೂ ಅಂದ. ನಾ ಕೇಳ್ಲಿಲ್ಲ. ಇಷ್ಟ ಮಂದಿ ಗಿಡಾ ಕಡಿಯೂದು ಕಲಸಿದಾಂವ ನಾನು. ನನ್ನ ಕೈಯಾಗಿನ ಹುಡುಗ ಹಿಂಗ ಮಾಡಿದ್ರ ಕಪಾಳಕ್ಕ ಬಡೀತಿದ್ದೆ."

ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ. ಫರ್ಹಾನಾ ಕತ್ತರಿ ತಂದು ರಬ್ಬರನ್ನು ಕತ್ತರಿಸಿ ಹಾಕಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿದಳು. "ನಿಮ್ಮದೂ ಭಾಳ ದೊಡ್ಡಸ್ತನ ಏನಲ್ಲ. ಮಶೀನ್ ನಿಮ್ಮದಿತ್ತು. ಹಿರ್ಯಾರಂತ ಕೊಟ್ಟ ಕುಂತ್ರಿ. ಕಸಗೋಬೇಕಿತ್ತು, ಇಲ್ಲಾ ಎರಡೂ ಬ್ಯಾಟರಿ ತಗೊಂಡು ಬಸ್ ಹತ್ತಬೇಕಿತ್ತು."

"ಹೌದು, ಕಸಗೋಬೇಕಿತ್ತು" ಎಂದ ಅತಾವುಲ್ಲಾ. ಅವನಿಗೂ ಆ ಐದು ದಿನ ನಿದ್ದೆ ಬಂದಿರಲಿಲ್ಲ.

ಗುಲಾಬಬಿ ಮೂಲೆಯಲ್ಲಿ ಕುಳಿತು ಬಾಳೆಹಣ್ಣು ಸುಲಿಯುತ್ತಿದ್ದವಳು, "ಮೂರು ಮಂದಿ ಗಂಡಸರು, ಒಂದು ಟೊಂಗಿ. ಟೊಂಗಿ ಇನ್ನೂ ಅಲ್ಲೇ ಐತಿ" ಎಂದಳು.

ಹೊಲಿಗೆ ಬಿಚ್ಚಿದರೂ ಬುಡ್ಡೇಸಾಬನ ಎರಡು ಬೆರಳು ಪೂರ್ತಿ ಮಡಚಲಿಲ್ಲ. ದಿನಾ ಬಿಸಿನೀರಲ್ಲಿ ಇಟ್ಟು, ಮೆತ್ತಗಿನ ಚೆಂಡು ಒತ್ತಿ ವ್ಯಾಯಾಮ ಮಾಡುತ್ತಿದ್ದ. ಚೆಂಡು ಒತ್ತುವಾಗ ಯಾರಾದರೂ ನೋಡಿದರೆ ಬೈಯುತ್ತಿದ್ದ. ಪೆಟ್ರೋಲ್ ಮಶೀನು ಎತ್ತಿ ಹಿಡಿಯುವ ಶಕ್ತಿ ಆ ಕೈಗೆ ಮತ್ತೆ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಅವನಿಗೆ ಬರುತ್ತಿದ್ದ ಕೆಲಸಗಳು ಅವನೇ ಕಲಿಸಿದ ಹುಡುಗರ ಪಾಲಾದವು. ಅವರು ಸೌದೆ ಸೀಳುವುದಕ್ಕೂ ಲಾಯಕ್ಕಿಲ್ಲವೆಂದು ಅವನು ಹೇಳುತ್ತಿದ್ದ. ಈಗ ಆ ಮಾತಿನಲ್ಲಿ ಮೊದಲಿನ ರುಚಿ ಅವನಿಗೆ ಸಿಗುತ್ತಿರಲಿಲ್ಲ.

ಮಳೆಗಾಲಕ್ಕೆ ಮೊದಲು ಅವನು ತಾನಾಗಿ ಸೊರಟೂರಿನ ಹಳೆಯ ಜೊತೆಗಾರನೊಬ್ಬನಿಗೆ ಹೇಳಿ ಕಳಿಸಿದ. ಆ ಮನುಷ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮರ ಏರಿ, ಕೈಗರಗಸದಿಂದ ಬೇವಿನ ಟೊಂಗೆಯನ್ನು ಕತ್ತರಿಸಿ, ಇನ್ನೊಂದು ಹಗ್ಗದಲ್ಲಿ ಮೆಲ್ಲಗೆ ನೆಲಕ್ಕೆ ಇಳಿಸಿ ಚಹ ಕುಡಿದು ಹೋದ. ಅದನ್ನು ತುಂಡು ಮಾಡುವ ಕೆಲಸಕ್ಕೆ ಅತಾವುಲ್ಲಾ ಬಂದ. ಬೂಟು, ಕನ್ನಡಕ, ಹೆಲ್ಮೆಟ್ಟು, ಕೈಗವಸು ಎಲ್ಲ ಮೊದಲಿನಂತೆಯೇ. ಬುಡ್ಡೇಸಾಬ ದೂರದ ಕುರ್ಚಿಯಲ್ಲಿ ಕುಳಿತು ತುಟಿ ಬಿಗಿಹಿಡಿದು ನೋಡಿದ.

ಸಣ್ಣ ರೆಂಬೆಗಳನ್ನು ಸವರಿದ ಮೇಲೆ ಅತಾವುಲ್ಲಾ ಟೊಂಗೆಯ ಕೆಳಗೆ ಬಿಲ್ಲಿನಂತೆ ಬಾಗಿ ಸಿಕ್ಕಿಕೊಂಡಿದ್ದ ಒಂದು ಕವಲಿಗೆ ಗರಗಸ ಹಿಡಿದ.

"ನಿಲ್ಲಸ್ರಿ!"

ಬುಡ್ಡೇಸಾಬ ಎದ್ದು ನಿಂತಿದ್ದ. ಅತಾವುಲ್ಲಾ ಗುಂಡಿಯಿಂದ ಬೆರಳು ತೆಗೆದು, ಬ್ಯಾಟರಿ ಕಳಚಿ ಕಟ್ಟೆಯ ಮೇಲಿಟ್ಟ. ಅದನ್ನು ಇಡುವವರೆಗೆ ಬುಡ್ಡೇಸಾಬ ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಬಂದು, ಬಲಗೈಯಿಂದ ಆ ಕವಲನ್ನು ಮುಟ್ಟಿ ತೋರಿಸಿದ.

"ಇದರ ಮ್ಯಾಲ ಪೂರಾ ಟೊಂಗಿ ಭಾರ ಕುಂತೈತಿ, ಕಾಣಂಗಿಲ್ಲೇನು? ಇಲ್ಲಿ ಕೊಯ್ದ್ರ ಸಿಡದು ನಿಮ್ಮ ಮೊಣಕಾಲ ಮುರೀತೈತಿ. ಆ ಕಡೆ ನಿಲ್ರಿ. ಮೊದ್ಲ ಒಳಮಗ್ಗಲಿಗೆ ಒಂದೀಟ ಕಚ್ಚಿಸ್ರಿ, ಅದರ ಬಿಗುವು ಇಳೀಲಿ. ಆಮ್ಯಾಲ ಹೊರಗಿಂದ. ಮಾಸ್ತರಕಿ ಮಾಡೋರಿಗೆ ಇಷ್ಟೂ ತಿಳ್ಯಂಗಿಲ್ಲಂದ್ರ ಹುಡುಗರ ಗತಿ ಏನ್ರಿ?"

"ಓದಿದ್ದೆ ಮಾಮಾ. ಎದುರಿಗೆ ಇದ್ದಾಗ ಗುರ್ತ ಹತ್ತಲಿಲ್ಲ" ಎಂದ ಅತಾವುಲ್ಲಾ.

"ಹತ್ತಂಗಿಲ್ಲ, ಹೆಂಗ ಹತ್ತತೈತಿ" ಎಂದು ಗೊಣಗುತ್ತ ಬುಡ್ಡೇಸಾಬ ಹಿಂದಕ್ಕೆ, ಕುರ್ಚಿಯವರೆಗೂ ಸರಿದು ನಿಂತ.

ಅತಾವುಲ್ಲಾ ಆ ಕಡೆ ಹೋಗಿ ನಿಂತು, ಬ್ಯಾಟರಿ ಹಾಕಿ, ಎರಡು ಕೈಯಲ್ಲಿ ಗರಗಸ ಹಿಡಿದು ಒಳಮಗ್ಗುಲಿಗೆ ಸ್ವಲ್ಪ ಕಚ್ಚಿಸಿದ. ಕವಲು ಕಿರುಗುಟ್ಟಿ, ಕೊಯ್ದ ಬಾಯಿ ಮುಚ್ಚಿಕೊಂಡು ಬಿಗುವು ಇಳಿಯಿತು. ಹೊರಗಿನಿಂದ ಕೊಯ್ದಾಗ ಮೆಲ್ಲಗೆ ಬಿಟ್ಟುಕೊಂಡು ಟೊಂಗೆ ನೆಲದ ಮೇಲೆ ಕುಳಿತಿತು. ಅಡುಗೆಮನೆಯ ಬಾಗಿಲಲ್ಲಿದ್ದ ಗುಲಾಬಬಿ ತುಂಡುಗಳನ್ನು ಎಷ್ಟುದ್ದ ಮಾಡಬೇಕೆಂದು ಕೈ ಅಗಲಿಸಿ ತೋರಿಸಿದಳು. ಅದು ಬಹಳ ಗಿಡ್ಡವಾಯಿತೆಂದು ಬುಡ್ಡೇಸಾಬ ಅವಳೊಂದಿಗೆ ಜಗಳ ಶುರು ಮಾಡಿದ.